ದೀಪದ ಜೊತೆಗೆ ಸೂಕ್ಷ್ಮದರ್ಶಕವೂ ಇರಲಿ

ಪಿ.ಯು.ಸಿ. ಫಲಿತಾಂಶ ಪ್ರಕಟವಾದ ಮೇಲಿನ ಭಾನುವಾರಗಳಲ್ಲಿ ನಮ್ಮ ಗುರುಮನೆಯ ಜಗಲಿಯಲ್ಲಿ ಎಂದಿಗಿಂತ ಹೆಚ್ಚು ಜನರಿರುತ್ತಾರೆ. ಬಲಿಪೂಜೆ ಮುಗಿಸಿ ಬಂದ ತಂದೆತಾಯಿಯರು ಮಕ್ಕಳನ್ನು ಮುಂದಿಟ್ಟುಕೊಂಡು ಕಾದು ಕುಳಿತಿರುತ್ತಾರೆ. ಒಬ್ಬರಿಗೆ ಜ್ಞಾನಸ್ನಾನದ ಪ್ರಮಾಣಪತ್ರ ಬೇಕು, ಇನ್ನೊಬ್ಬರಿಗೆ ಶಿಫಾರಸು ಪತ್ರ ಬೇಕು, ಮತ್ತೊಬ್ಬರಿಗೆ ಬರಿಯ ಧೈರ್ಯದ ಮಾತು ಬೇಕು. ಇಂತಹ ಒಂದು ಭಾನುವಾರ ನಮ್ಮ ವಿಚಾರಣೆಗೆ ಸೇರಿದ ಗಾರೆ ಮೇಸ್ತ್ರಿಯೊಬ್ಬರು ತಮ್ಮ ಮಗಳನ್ನು ಕರೆದುಕೊಂಡು ಬಂದರು. ಹುಡುಗಿ ವಿಜ್ಞಾನ ವಿಭಾಗದಲ್ಲಿ ಒಳ್ಳೆಯ ಅಂಕಗಳನ್ನು ಪಡೆದಿದ್ದಳು. ತಂದೆಯ ಅಂಗಿಯ ಜೇಬಿನಲ್ಲಿ ನಾಲ್ಕು ಮಡಿಕೆ ಮಾಡಿದ ಬಣ್ಣದ ಕರಪತ್ರವೊಂದಿತ್ತು.

"ಸ್ವಾಮಿ, ಎರಡು ಡಿಗ್ರಿ ಒಟ್ಟಿಗೆ ಸಿಗುತ್ತಂತೆ. ಬಿ.ಎಸ್ಸಿ. ನರ್ಸಿಂಗೂ ಆಗುತ್ತೆ, ಬಿ.ಎಸ್ಸಿ. ಮೈಕ್ರೋಬಯಾಲಜಿಯೂ ಆಗುತ್ತೆ. ನಾಲ್ಕೇ ವರ್ಷ. ಎರಡೂ ಇದ್ದರೆ ಫಾರಿನ್ನಿನಲ್ಲಿ ಸಂಬಳ ದುಪ್ಪಟ್ಟು ಅಂತ ಏಜೆಂಟರು ಹೇಳಿದರು. ಮುಂಗಡ ಐವತ್ತು ಸಾವಿರ ಕಟ್ಟಬೇಕು. ತಾವು ಒಂದು ಮಾತು ಹೇಳಿದರೆ ಇವಳ ತಾಯಿಯ ಸರ ಅಡವಿಟ್ಟು ನಾಳೆಯೇ ಕಟ್ಟಿಬಿಡುತ್ತೇನೆ" ಎಂದರು.

ನಾನು ಹುಡುಗಿಯ ಕಡೆ ತಿರುಗಿ, "ನಿನಗೆ ಏನು ಬೇಕು ಮಗಳೇ?" ಎಂದು ಕೇಳಿದೆ. ಅವಳು ಸ್ವಲ್ಪ ಹೊತ್ತು ನೆಲ ನೋಡುತ್ತ ನಿಂತು ಬಳಿಕ ಹೇಳಿದಳು: "ಫಾದರ್, ನಮ್ಮಜ್ಜಿ ಕಾಲಲ್ಲಿ ಸಕ್ಕರೆ ಕಾಯಿಲೆಯ ಹುಣ್ಣಾಗಿತ್ತು. ಆಸ್ಪತ್ರೆಯಲ್ಲಿ ದಿನಾ ಡ್ರೆಸ್ಸಿಂಗ್ ಮಾಡುತ್ತಿದ್ದರು. ಯಾಕೆ ವಾಸಿಯಾಗುತ್ತಿಲ್ಲ ಅಂತ ನರ್ಸಕ್ಕನನ್ನು ಕೇಳಿದೆ. ಪಾಪ, ಅವರು ಒಳ್ಳೆಯವರೇ. 'ನನಗೆ ಗೊತ್ತಿಲ್ಲಮ್ಮ, ಡಾಕ್ಟರನ್ನು ಕೇಳು' ಅಂದರು. ಡಾಕ್ಟರಿಗೆ ಪುರುಸೊತ್ತಿರಲಿಲ್ಲ. ನಾನು ನರ್ಸ್ ಆಗಬೇಕು. ಆದರೆ ಕೇಳಿದವರಿಗೆ ಗೊತ್ತಿಲ್ಲ ಅನ್ನಬಾರದು. ಅದಕ್ಕೆ ಎರಡೂ ಓದಬೇಕು ಅನ್ನಿಸುತ್ತೆ."

ನಾನು ಒಂದು ವಾರದ ಸಮಯ ಕೇಳಿ ಅವರನ್ನು ಕಳುಹಿಸಿಕೊಟ್ಟೆ. ಆ ಒಂದು ವಾರ ನನಗೇಕೆ ಬೇಕಾಯಿತು, ಆ ವಾರದಲ್ಲಿ ನಾನು ತಿಳಿದುಕೊಂಡದ್ದೇನು ಎಂಬುದನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ. ನಮ್ಮ ಸಮುದಾಯದಲ್ಲಿ ಶುಶ್ರೂಷಾ ವೃತ್ತಿಗೆ ಹೊರಟ ಮಕ್ಕಳಿಲ್ಲದ ವಿಚಾರಣೆ ಅಪರೂಪ. ಆದ್ದರಿಂದ ಇದು ಒಂದು ಮನೆಯ ಪ್ರಶ್ನೆಯಲ್ಲ.

ಒಂದು ಹಳೆಯ ತಪ್ಪು

ಮೊದಲಿಗೆ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಗುರುಪಟ್ಟ ಪಡೆದ ಹೊಸತರಲ್ಲಿ ನಾನು ಸಹಾಯಕ ಗುರುವಾಗಿದ್ದ ಊರೊಂದರಲ್ಲಿ ಒಬ್ಬ ಹುಡುಗಿ ಇದೇ ಬಗೆಯ ಪ್ರಶ್ನೆ ಹೊತ್ತು ಬಂದಿದ್ದಳು. ನರ್ಸಿಂಗ್ ಡಿಪ್ಲೊಮಾ ಸೇರಲೋ, ಮೊದಲು ಜೀವಶಾಸ್ತ್ರದಲ್ಲಿ ಪದವಿ ಪಡೆಯಲೋ ಎಂಬುದು ಅವಳ ಗೊಂದಲ. ಸೆಮಿನರಿಯಿಂದ ಆಗತಾನೆ ಹೊರಬಂದಿದ್ದ ನನಗೆ ಎಲ್ಲ ಪ್ರಶ್ನೆಗಳಿಗೂ ಉತ್ತರ ತಿಳಿದಿದೆಯೆಂಬ ಭಾವನೆಯಿತ್ತು. "ಸೇವೆ ಮಾಡುವವರಿಗೆ ಪ್ರೀತಿ ಸಾಕು ಮಗಳೇ, ಹೆಚ್ಚು ಓದು ಅಹಂಕಾರಕ್ಕೆ ದಾರಿ" ಎಂದು ಉಪದೇಶಿಸಿದೆ. ಅವಳು ನನ್ನ ಮಾತನ್ನು ನಂಬಿ ಡಿಪ್ಲೊಮಾ ಸೇರಿದಳು.

ಎಷ್ಟೋ ವರ್ಷಗಳ ಬಳಿಕ ಒಂದು ಶವಸಂಸ್ಕಾರದಲ್ಲಿ ಆಕೆಯ ಭೇಟಿಯಾಯಿತು. ದೂರದ ನಗರವೊಂದರಲ್ಲಿ ಹಿರಿಯ ಶುಶ್ರೂಷಕಿಯಾಗಿದ್ದರು. ಕೋಪವಿಲ್ಲದೆ, ಬಹಳ ಮೆಲ್ಲಗೆ ಅವರು ಹೇಳಿದ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ. "ಪ್ರೀತಿ ಸಾಕಾಗಲಿಲ್ಲ ಫಾದರ್. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ರಾತ್ರಿ ಪಾಳಿಯಲ್ಲಿ ಒಂದು ಮಗುವಿನ ರಕ್ತಪರೀಕ್ಷೆಯ ವರದಿ ನನ್ನ ಕೈಗೆ ಬಂತು. ಅದರಲ್ಲಿದ್ದ ಅಂಕಿಗಳು ಏನು ಹೇಳುತ್ತಿವೆ ಎಂದು ನನಗೆ ಹೊಳೆಯಲಿಲ್ಲ. ವೈದ್ಯರನ್ನು ಎಬ್ಬಿಸಲು ಹೆದರಿ ಬೆಳಗಿನವರೆಗೆ ಜಪಸರ ಹಿಡಿದು ಕುಳಿತೆ. ಮಗು ಬದುಕಿತು. ಆದರೆ ಬದುಕಿದ್ದು ನನ್ನಿಂದಲ್ಲ." ಆ ಬಳಿಕ ಅವರು ಕೆಲಸ ಮಾಡುತ್ತಲೇ ಓದಿ, ನಡುವಯಸ್ಸಿನಲ್ಲಿ ಪದವಿ ಪಡೆದರಂತೆ. ಇಪ್ಪತ್ತನೆಯ ವಯಸ್ಸಿನಲ್ಲಿ ಆಗಬಹುದಾಗಿದ್ದ ಕೆಲಸವನ್ನು ನನ್ನ ಒಂದು ಮಾತು ಹದಿನೈದು ವರ್ಷ ಹಿಂದಕ್ಕೆ ತಳ್ಳಿತ್ತು.

ಸಮಾರಿಯದವನ ಎಣ್ಣೆ ಮತ್ತು ದ್ರಾಕ್ಷಾರಸ

ಸಂತ ಲೂಕನ ಶುಭಸಂದೇಶದಲ್ಲಿ ಬರುವ ಸದಯ ಸಮಾರಿಯದವನ ಸಾಮತಿಯನ್ನು ನಾವು ನೂರಾರು ಸಲ ಕೇಳಿದ್ದೇವೆ. ಅವನ ಕನಿಕರವನ್ನು ಕುರಿತು ಎಷ್ಟೋ ಪ್ರಬೋಧನೆಗಳು ನಡೆದಿವೆ. ಆದರೆ ಅವನು ಕೈಯಲ್ಲಿ ಏನು ಹಿಡಿದಿದ್ದನೆಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಗಾಯಗೊಂಡವನ ಮುಂದೆ ಅವನು ಬರಿಯ ಕಣ್ಣೀರು ಸುರಿಸಲಿಲ್ಲ. ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹೊಯ್ದು ಗಾಯಗಳನ್ನು ಕಟ್ಟಿದನು. ಮದ್ಯಸಾರವೂ ಹುಳಿಯೂ ಇರುವ ದ್ರಾಕ್ಷಾರಸ ಗಾಯವನ್ನು ತೊಳೆಯುತ್ತದೆ, ಎಣ್ಣೆ ಮೃದುಗೊಳಿಸುತ್ತದೆ. ಇದು ಅಂದಿನ ಕಾಲದ ವೈದ್ಯಜ್ಞಾನ. ಆ ಬಳಿಕ ಅವನು ರೋಗಿಯನ್ನು ತನ್ನ ವಾಹನಪಶುವಿನ ಮೇಲೆ ಸಾಗಿಸಿದನು, ಛತ್ರದಲ್ಲಿ ರಾತ್ರಿಯೆಲ್ಲ ನೋಡಿಕೊಂಡನು, ಮುಂದಿನ ಆರೈಕೆಗೆ ಹಣದ ಏರ್ಪಾಟು ಮಾಡಿದನು. ಕನಿಕರ, ತಿಳಿವಳಿಕೆ, ವ್ಯವಸ್ಥೆ ಈ ಮೂರೂ ಒಬ್ಬನಲ್ಲಿ ಕೂಡಿಬಂದಾಗ ದಾರಿಯ ಬದಿ ಬಿದ್ದಿದ್ದವನು ಬದುಕಿದನು. ಈ ವಿವರಗಳನ್ನು ಬರೆದಿಟ್ಟ ಲೂಕನನ್ನು ಪ್ರೇಷಿತ ಪೌಲನು ವೈದ್ಯನೆಂದು ಕರೆದಿರುವುದು ಇಲ್ಲಿ ನೆನಪಾಗುತ್ತದೆ.

ತತ್ವಶಾಸ್ತ್ರದ ತರಗತಿಯಲ್ಲಿ ನಮಗೆ ಅರಿಸ್ಟಾಟಲನ ವಿಂಗಡಣೆಯೊಂದನ್ನು ಕಲಿಸುತ್ತಿದ್ದರು. ವಸ್ತುವಿನ ಕಾರಣವನ್ನು ಅರಿಯುವ ಶುದ್ಧಜ್ಞಾನ ಒಂದು. ಕೈಯಿಂದ ಮಾಡಿ ತೋರಿಸುವ ಕುಶಲವಿದ್ಯೆ ಇನ್ನೊಂದು. ಈ ಹೊತ್ತಿನಲ್ಲಿ, ಈ ಮನುಷ್ಯನಿಗೆ ಯಾವುದು ತಕ್ಕದ್ದೆಂದು ನಿರ್ಣಯಿಸುವ ವಿವೇಕ ಮತ್ತೊಂದು. ಶುಶ್ರೂಷೆಯನ್ನು ನಾವು ಬಹುಕಾಲ ಎರಡನೆಯದರಲ್ಲಿ ಮಾತ್ರ ಇಟ್ಟಿದ್ದೆವು. ಹಾಸಿಗೆ ಹಾಸುವುದು, ಸೂಜಿ ಚುಚ್ಚುವುದು, ಗಾಯ ಕಟ್ಟುವುದು ಇಷ್ಟೇ ಎಂದುಕೊಂಡಿದ್ದೆವು. ಆದರೆ ರೋಗಿಯ ಬಳಿ ಇಪ್ಪತ್ತನಾಲ್ಕು ಗಂಟೆಯೂ ಇರುವವರು ಶುಶ್ರೂಷಕಿಯರೇ. ಮೊದಲ ಬದಲಾವಣೆ ಕಾಣುವುದು ಅವರ ಕಣ್ಣಿಗೆ. ಆ ಕಣ್ಣಿಗೆ ಕಾರಣದ ಅರಿವಿಲ್ಲದಿದ್ದರೆ, ಕಂಡದ್ದೂ ಕಾಣದಂತೆಯೇ.

ದೀಪಕ್ಕೆ ಕಾಣದ್ದು ಅಂಕಿಗೆ ಕಂಡಿತು

ಈ ಮಾತಿಗೆ ಆಧುನಿಕ ಶುಶ್ರೂಷೆಯ ತಾಯಿಯೆನಿಸಿದ ಫ್ಲಾರೆನ್ಸ್ ನೈಟಿಂಗೇಲ್ ಅವರ ಬದುಕೇ ಸಾಕ್ಷಿ. 1820ರ ಮೇ 12ರಂದು ಜನಿಸಿದ ಆಕೆ 1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳ ಆರೈಕೆಗೆಂದು 38 ಮಂದಿ ಮಹಿಳೆಯರ ತಂಡದೊಂದಿಗೆ ತುರ್ಕಿಯ ಸ್ಕುಟಾರಿಗೆ ಹೋದರು. ಆ ತಂಡದಲ್ಲಿ 10 ಮಂದಿ ಕಥೋಲಿಕ ಕನ್ಯಾಸ್ತ್ರೀಯರಿದ್ದರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದ ಸಂಗತಿ. ಲಂಡನ್ನಿನ ಬರ್ಮಂಡ್ಸೆಯ ಕರುಣೆಯ ಭಗಿನಿಯರ ಮಠದ ಶ್ರೇಷ್ಠಿಣಿ ಮದರ್ ಮೇರಿ ಕ್ಲೇರ್ ಮೂರ್ ಅವರೊಡನೆ ನೈಟಿಂಗೇಲ್ ಬೆಳೆಸಿದ ಸ್ನೇಹ ಜೀವನಪರ್ಯಂತ ಉಳಿಯಿತು.

ರಾತ್ರಿ ದೀಪ ಹಿಡಿದು ಹಾಸಿಗೆಯಿಂದ ಹಾಸಿಗೆಗೆ ನಡೆಯುತ್ತಿದ್ದ ಆಕೆಯ ಚಿತ್ರ ಎಲ್ಲರಿಗೂ ಪರಿಚಿತ. ಆದರೆ ಆ ದೀಪ ಉರಿಯುತ್ತಿದ್ದಾಗಲೇ ಸ್ಕುಟಾರಿಯಲ್ಲಿ ಸೈನಿಕರು ಸಾಲುಸಾಲಾಗಿ ಸಾಯುತ್ತಿದ್ದರು. 1855ರ ಫೆಬ್ರವರಿಯಲ್ಲಿ ಆಸ್ಪತ್ರೆ ಸೇರಿದ ನೂರು ಮಂದಿಯಲ್ಲಿ ಸುಮಾರು 42 ಮಂದಿ ಸತ್ತರು. ಬಹುಪಾಲು ಸಾವಿಗೆ ಕಾರಣ ಗುಂಡೇಟಲ್ಲ, ವಾಂತಿಭೇದಿ, ಆಮಶಂಕೆ, ಜ್ವರಗಳು. ಮಾರ್ಚ್ ತಿಂಗಳಲ್ಲಿ ಬಂದ ನೈರ್ಮಲ್ಯ ಆಯೋಗ ಚರಂಡಿಗಳನ್ನು ತೊಳೆಸಿ, ನೀರಿನ ಮಾರ್ಗವನ್ನು ಶುದ್ಧಗೊಳಿಸಿ, ಕೋಣೆಗಳಲ್ಲಿ ಗಾಳಿ ಆಡುವಂತೆ ಮಾಡಿದ ಮೇಲೆ ಕೆಲವೇ ತಿಂಗಳುಗಳಲ್ಲಿ ಆ ಪ್ರಮಾಣ ನೂರಕ್ಕೆ ಎರಡರ ಆಸುಪಾಸಿಗೆ ಇಳಿಯಿತು.

ಇದರ ಪೂರ್ಣ ಅರ್ಥ ನೈಟಿಂಗೇಲ್ ಅವರಿಗೆ ಹೊಳೆದದ್ದು ಯುದ್ಧ ಮುಗಿದು ಊರಿಗೆ ಮರಳಿದ ನಂತರ, ವಿಲಿಯಂ ಫಾರ್ ಎಂಬ ಸಂಖ್ಯಾಶಾಸ್ತ್ರಜ್ಞರೊಡನೆ ಕುಳಿತು ಸಾವಿನ ಲೆಕ್ಕಗಳನ್ನು ಪರಿಶೀಲಿಸಿದಾಗ. ಆಸ್ಪತ್ರೆಯ ಕಟ್ಟಡವೇ ರೋಗಿಗಳನ್ನು ಕೊಲ್ಲುತ್ತಿತ್ತು! ಪ್ರೀತಿಯ ದೀಪಕ್ಕೆ ಕಾಣದ ಸತ್ಯ ಅಂಕಿಅಂಶಗಳ ಬೆಳಕಿಗೆ ಕಂಡಿತು. ಆಕೆ ಆ ಅಂಕಿಗಳನ್ನು ಬಣ್ಣದ ವೃತ್ತಾಕಾರದ ನಕ್ಷೆಗಳಾಗಿ ಬಿಡಿಸಿ, ಮಂತ್ರಿಗಳೂ ರಾಣಿಯೂ ಒಂದೇ ನೋಟಕ್ಕೆ ಗ್ರಹಿಸುವಂತೆ ಮಾಡಿದರು. 1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘ ಆಕೆಯನ್ನು ತನ್ನ ಮೊದಲ ಮಹಿಳಾ ಸದಸ್ಯೆಯನ್ನಾಗಿ ಆರಿಸಿತು. 1860ರಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಶುಶ್ರೂಷಾ ಶಾಲೆ ಆರಂಭವಾಯಿತು. ಶುಶ್ರೂಷೆ ಮತ್ತು ಸಂಖ್ಯಾಶಾಸ್ತ್ರ ಎರಡೂ ಒಬ್ಬರ ಕೈಯಲ್ಲಿ ಕೂಡಿದ್ದರ ಫಲವನ್ನು ಜಗತ್ತು ಇಂದಿಗೂ ಉಣ್ಣುತ್ತಿದೆ.

ಅದೇ ಶಾಲೆಯಲ್ಲಿ ಎರಡನೆಯ ಮಹಾಯುದ್ಧದ ಕಾಲದಲ್ಲಿ ತರಬೇತಿ ಪಡೆದವರು ಸಿಸಿಲಿ ಸಾಂಡರ್ಸ್. ಬೆನ್ನುನೋವಿನಿಂದಾಗಿ ಶುಶ್ರೂಷಾ ವೃತ್ತಿಯನ್ನು ಬಿಡಬೇಕಾಗಿ ಬಂದು, ಆಸ್ಪತ್ರೆಯ ಸಮಾಜಸೇವಕಿಯಾದರು. ಸಾಯುತ್ತಿರುವವರ ನೋವಿಗೆ ಯಾರ ಬಳಿಯೂ ಸರಿಯಾದ ಉತ್ತರವಿಲ್ಲದ್ದನ್ನು ಕಂಡು, ಹಿರಿಯ ಶಸ್ತ್ರವೈದ್ಯರೊಬ್ಬರ ಸಲಹೆಯಂತೆ ವೈದ್ಯಶಾಸ್ತ್ರ ಓದಿ 1957ರಲ್ಲಿ ವೈದ್ಯೆಯಾದರು. ಆಗ ಆಕೆಯ ವಯಸ್ಸು ನಲವತ್ತರ ಸಮೀಪ. ಐರಿಷ್ ಕನ್ಯಾಸ್ತ್ರೀಯರು ಲಂಡನ್ನಿನಲ್ಲಿ ನಡೆಸುತ್ತಿದ್ದ ಸಂತ ಜೋಸೆಫರ ಆರೈಕೆಧಾಮದಲ್ಲಿ ಆಕೆ ಪ್ರತಿ ರೋಗಿಯ ನೋವನ್ನೂ ದಾಖಲಿಸಿದರು. ನೋವು ಬಂದು ರೋಗಿ ನರಳುವವರೆಗೆ ಕಾಯದೆ, ಗಡಿಯಾರದ ಹೊತ್ತಿಗೆ ಸರಿಯಾಗಿ ಮಾರ್ಫಿನ್ ಕೊಡುವ ಕ್ರಮವನ್ನು ನೆಲೆಗೊಳಿಸಿದರು. 1967ರಲ್ಲಿ ಸಂತ ಕ್ರಿಸ್ಟೋಫರರ ಹಾಸ್ಪೈಸ್ ಸ್ಥಾಪಿಸಿದರು. ಇಂದು ನಮ್ಮ ನಾಡಿನ ಉಪಶಾಮಕ ಆರೈಕೆ ಕೇಂದ್ರಗಳಿಗೆಲ್ಲ ಆ ಕೆಲಸವೇ ತಾಯಿಬೇರು. ಸನ್ಯಾಸಿನಿಯರ ಕರುಣೆ ಅಲ್ಲಿ ಮೊದಲೇ ಇತ್ತು. ಅದಕ್ಕೆ ವಿಜ್ಞಾನದ ಕೈ ಬಂದು ಸೇರಿತು.

ಧರ್ಮಸಭೆಯೂ ಕಲಿತ ಪಾಠ

ನಮ್ಮ ಧರ್ಮಸಭೆ ವಿಜ್ಞಾನಕ್ಕೆ ಹೊಸಬಳಲ್ಲ. ಸಂತ ಥಾಮಸ್ ಅಕ್ವಿನಾಸರ ಗುರುಗಳಾದ ಸಂತ ಮಹಾ ಆಲ್ಬರ್ಟರನ್ನು 1941ರಲ್ಲಿ ಹನ್ನೆರಡನೆಯ ಭಕ್ತಿನಾಥರು ಪ್ರಕೃತಿ ವಿಜ್ಞಾನಿಗಳ ಪಾಲಕ ಸಂತರೆಂದು ಘೋಷಿಸಿದರು. ಆದರೂ ಸನ್ಯಾಸಿನಿಯರು ವೈದ್ಯವಿದ್ಯೆಯನ್ನು ಪೂರ್ಣವಾಗಿ ಕೈಗೊಳ್ಳುವುದಕ್ಕೆ ಬಹುಕಾಲ ಅಡೆತಡೆಗಳಿದ್ದವು. ಮುಸ್ಲಿಂ ಮತ್ತು ಹಿಂದೂ ಮಹಿಳೆಯರು ಪುರುಷ ವೈದ್ಯರ ಬಳಿ ಹೋಗಲಾರದೆ ಹೆರಿಗೆಯಲ್ಲಿ ಸಾಯುತ್ತಿದ್ದುದನ್ನು ರಾವಲ್ಪಿಂಡಿಯಲ್ಲಿ ಕಣ್ಣಾರೆ ಕಂಡ ಆಸ್ಟ್ರಿಯಾದ ವೈದ್ಯೆ ಆನ್ನಾ ಡೆಂಗೆಲ್ 1925ರಲ್ಲಿ ಮೆಡಿಕಲ್ ಮಿಷನ್ ಭಗಿನಿಯರ ಸಂಸ್ಥೆಯನ್ನು ಕಟ್ಟಿ ಈ ತಡೆಯ ವಿರುದ್ಧ ದುಡಿದರು. 1936ರ ಫೆಬ್ರವರಿ 11ರಂದು ರೋಮಿನಿಂದ ಹೊರಟ ಆದೇಶವು ಸನ್ಯಾಸಿನಿಯರಿಗೆ ವೈದ್ಯಕೀಯ ಹಾಗೂ ಪ್ರಸೂತಿ ಸೇವೆಯ ಬಾಗಿಲನ್ನು ತೆರೆಯಿತು. ಅಂದರೆ "ಪ್ರೀತಿ ಸಾಕು, ಓದು ಬೇಡ" ಎಂಬ ನನ್ನ ತಪ್ಪನ್ನು ನನಗಿಂತ ಎಷ್ಟೋ ಮೊದಲೇ ಹಿರಿಯರು ತಿದ್ದಿಕೊಂಡಿದ್ದರು.

ನಮ್ಮ ನಾಡಿನಲ್ಲೂ ಈ ಪರಂಪರೆಯ ಗುರುತುಗಳಿವೆ. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಔಷಧಿ ಹಂಚಲಾರಂಭಿಸಿದ ಯೇಸುಸಭೆಯ ಫಾದರ್ ಅಗಸ್ಟಸ್ ಮುಲ್ಲರ್, 1886ರಲ್ಲಿ ಬೆಂಗಳೂರಿನಲ್ಲಿ ಸಂತ ಮಾರ್ತಳ ಆಸ್ಪತ್ರೆ ತೆರೆದ ಗುಡ್ ಶೆಫರ್ಡ್ ಕನ್ಯಾಸ್ತ್ರೀಯರು, 1963ರಲ್ಲಿ ಆರಂಭವಾದ ಸಂತ ಜಾನರ ವೈದ್ಯಕೀಯ ಕಾಲೇಜು, ಇವೆಲ್ಲ ಕರುಣೆಯೂ ಕಲಿಕೆಯೂ ಒಂದೇ ಸೂರಿನಡಿ ಬಾಳಿದ ಮನೆಗಳು. ಭಾರತದಲ್ಲಿ ಶುಶ್ರೂಷೆ ಪದವಿಯ ಮಟ್ಟಕ್ಕೆ ಏರಿದ್ದು 1946ರಲ್ಲಿ, ದೆಹಲಿ ಮತ್ತು ವೆಲ್ಲೂರುಗಳಲ್ಲಿ.

ಎರಡು ದೋಣಿಯಲ್ಲಿ ಕಾಲಿಡಬಹುದೇ?

ಇಷ್ಟೆಲ್ಲ ಆದ ಮೇಲೆ, ಆ ಹುಡುಗಿಯ ಆಸೆ ಸರಿಯಾದುದೆಂಬ ವಿಷಯದಲ್ಲಿ ನನಗೆ ಸಂಶಯ ಉಳಿಯಲಿಲ್ಲ. ಆದರೆ ಆಸೆ ಸರಿ ಇದ್ದ ಮಾತ್ರಕ್ಕೆ ಕರಪತ್ರ ಸರಿ ಇರಬೇಕೆಂದೇನೂ ಇಲ್ಲವಲ್ಲ. ಶುಶ್ರೂಷಾ ಕಾಲೇಜಿನಲ್ಲಿ ಪಾಠ ಮಾಡುವ ಕನ್ಯಾಸ್ತ್ರೀಯೊಬ್ಬರನ್ನೂ ಪದವಿ ಕಾಲೇಜಿನ ಪ್ರಾಧ್ಯಾಪಕರೊಬ್ಬರನ್ನೂ ಕಂಡು ವಿಚಾರಿಸಿದೆ. ನಿಯಮಗಳನ್ನು ತರಿಸಿ ಓದಿದೆ.

ಎರಡು ಮುಖ್ಯ ವಿಷಯಗಳನ್ನು ಒಟ್ಟಿಗೆ ಓದುವ ಪದ್ಧತಿ ಮುಖ್ಯವಾಗಿ ಅಮೆರಿಕದ ವಿಶ್ವವಿದ್ಯಾಲಯಗಳದು. ಅಲ್ಲಿ ಶುಶ್ರೂಷಾ ಪದವಿಗೆ ಬೇಕಾದ ಅಂಗರಚನೆ, ಶರೀರಕ್ರಿಯೆ, ರಸಾಯನಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ ಮುಂತಾದ ಆರಂಭದ ಪಾಠಗಳು ಜೀವಶಾಸ್ತ್ರದ ಪದವಿಗೂ ಸ್ವಲ್ಪಮಟ್ಟಿಗೆ ಒದಗುತ್ತವೆ. ಆದರೆ ಮೇಲಿನ ವರ್ಷಗಳಲ್ಲಿ ಒಂದು ಕಡೆ ಪ್ರಯೋಗಾಲಯ, ಇನ್ನೊಂದು ಕಡೆ ಆಸ್ಪತ್ರೆಯ ಪಾಳಿ, ಎರಡೂ ಒಂದೇ ಹೊತ್ತಿಗೆ ಎದುರಾಗುತ್ತವೆ. ಆದ್ದರಿಂದ ಅಲ್ಲಿಯೂ ಇದನ್ನು ಹಿಡಿದವರು ಹೆಚ್ಚಿನ ಅವಧಿ ಓದಬೇಕಾಗುವುದು ಸಾಮಾನ್ಯ. ಮೊದಲು ಬೇರೆ ವಿಜ್ಞಾನದಲ್ಲಿ ಪದವಿ ಪಡೆದು, ಅನಂತರ ಒಂದು ಒಂದೂವರೆ ವರ್ಷದ ತ್ವರಿತ ಶುಶ್ರೂಷಾ ಪದವಿ ಪಡೆಯುವ ದಾರಿಯೂ ಅಲ್ಲಿದೆ. ಇನ್ನು ನೋಂದಣಿಯ ಪರೀಕ್ಷೆಗೆ ಕೂರಲು ಬೇಕಾದದ್ದು ಶುಶ್ರೂಷಾ ಶಿಕ್ಷಣ ಮಾತ್ರ. ಎರಡನೆಯ ವಿಷಯವನ್ನು ಯಾರೂ ಕೇಳುವುದಿಲ್ಲ. ಎರಡು ಪದವಿಗೆ ದುಪ್ಪಟ್ಟು ಸಂಬಳವೆಂಬ ಮಾತಿಗೆ ಆಧಾರವೇ ಇಲ್ಲ.

ನಮ್ಮ ದೇಶದ ವ್ಯವಸ್ಥೆ ಬೇರೆ. ನಮ್ಮ ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಎಂದು ಮೂರು ವಿಷಯಗಳನ್ನು ಕೂಡಿಸಿ ಓದುವ ವಾಡಿಕೆ ಹಳೆಯದು. ಅದೇ ರೀತಿ ನರ್ಸಿಂಗ್ ಜೊತೆಗೂ ಇನ್ನೊಂದನ್ನು ಸೇರಿಸಬಹುದೆಂದು ಜನ ಭಾವಿಸುವುದು ಸಹಜ. ಆದರೆ ಬಿ.ಎಸ್ಸಿ. ನರ್ಸಿಂಗ್ ಭಾರತೀಯ ಶುಶ್ರೂಷಾ ಪರಿಷತ್ತು ರೂಪಿಸಿದ ನಾಲ್ಕು ವರ್ಷಗಳ, ಎಂಟು ಷಣ್ಮಾಸಗಳ ವೃತ್ತಿಪದವಿ. 2021ರಲ್ಲಿ ಪ್ರಕಟವಾದ ಪರಿಷ್ಕೃತ ನಿಯಮಗಳ ಪ್ರಕಾರ ಒಂದು ಷಣ್ಮಾಸಕ್ಕೆ 20 ವಾರ, ವಾರಕ್ಕೆ 40 ಗಂಟೆ. ಪದವಿ ಕೈಗೆ ಬರುವ ಮೊದಲು ಆಸ್ಪತ್ರೆಯ ಪ್ರಾಯೋಗಿಕ ತರಬೇತಿಯಲ್ಲಿ ನೂರಕ್ಕೆ ನೂರು ಹಾಜರಾತಿ ಪೂರೈಸಿರಬೇಕು. ಇದರ ಮಧ್ಯೆ ಇನ್ನೊಂದು ಕಾಲೇಜಿನ ಪ್ರಯೋಗಾಲಯಕ್ಕೆ ಹೋಗುವ ಹೊತ್ತು ಎಲ್ಲಿಂದ ಬರಬೇಕು?

"ಎರಡು ಪದವಿಗಳನ್ನು ಏಕಕಾಲಕ್ಕೆ ಓದಬಹುದೆಂದು ಯು.ಜಿ.ಸಿ.ಯೇ ಹೇಳಿದೆ" ಎಂದು ಆ ಕರಪತ್ರದಲ್ಲಿ ಅಚ್ಚಾಗಿತ್ತು. ಅದು ಅರ್ಧಸತ್ಯ. 2022ರ ಏಪ್ರಿಲ್‌ನಲ್ಲಿ ಯು.ಜಿ.ಸಿ. ಅಂತಹ ಅವಕಾಶ ಕೊಟ್ಟದ್ದು ನಿಜ. ಆದರೆ ಎರಡೂ ತರಗತಿಗೆ ಹೋಗಿ ಕಲಿಯುವಂಥವಾದರೆ ವೇಳೆಗಳು ಒಂದರ ಮೇಲೊಂದು ಬೀಳಬಾರದು. ವೃತ್ತಿಶಿಕ್ಷಣಕ್ಕೆ ಆಯಾ ಪರಿಷತ್ತಿನ ನಿಯಮವೂ ಅನ್ವಯಿಸುತ್ತದೆ. ಹಾಗಾದರೆ ಒಂದನ್ನು ದೂರಶಿಕ್ಷಣದಲ್ಲಿ ಓದಬಹುದಲ್ಲವೇ? ನರ್ಸಿಂಗ್ ಅನ್ನು ದೂರಶಿಕ್ಷಣದಲ್ಲಿ ಕೊಡಲು ಯು.ಜಿ.ಸಿ. ನಿಯಮ ಬಿಡುವುದಿಲ್ಲ. ಇನ್ನು ಸೂಕ್ಷ್ಮಜೀವಿಶಾಸ್ತ್ರ, ಜೈವಿಕ ತಂತ್ರಜ್ಞಾನ, ಆಹಾರ ಮತ್ತು ಪೋಷಣಾ ವಿಜ್ಞಾನ, ಮನಶ್ಶಾಸ್ತ್ರ ಮೊದಲಾದವನ್ನು ದೂರಶಿಕ್ಷಣದಲ್ಲೂ ಆನ್‌ಲೈನ್ ಮೂಲಕವೂ ಕೊಡಕೂಡದೆಂದು 2025ರ ಆಗಸ್ಟ್‌ನಲ್ಲಿ ಅದೇ ಯು.ಜಿ.ಸಿ. ಆದೇಶಿಸಿದೆ. ಅಲ್ಲಿಗೆ ಕರಪತ್ರದ ಎರಡನೆಯ ಪದವಿ ಗಾಳಿಗೋಪುರವೆಂಬುದು ಖಚಿತವಾಯಿತು. ಆ ಮುಂಗಡ ಹಣ ಯಾವುದಕ್ಕೆಂದು ಏಜೆಂಟರನ್ನು ದೂರವಾಣಿಯಲ್ಲಿ ಕೇಳಿದಾಗ, "ಅದನ್ನೆಲ್ಲ ಆಮೇಲೆ ಅಡ್ಜಸ್ಟ್ ಮಾಡೋಣ ಫಾದರ್" ಎಂಬ ಉತ್ತರ ಬಂತು. ಬರವಣಿಗೆಯಲ್ಲಿ ಕೊಡಿರೆಂದೆ. ಬರಲಿಲ್ಲ.

ಮುಚ್ಚಿದ ಬಾಗಿಲು, ತೆರೆದ ಕಿಟಕಿ

ಹಾಗೆಂದು ಆ ಹುಡುಗಿಗೆ ಬರಿಯ "ಆಗುವುದಿಲ್ಲ" ಎಂದು ಹೇಳಿ ಕಳುಹಿಸಿದ್ದರೆ, ನನ್ನ ಹಳೆಯ ತಪ್ಪಿಗೆ ಇನ್ನೊಂದು ರೂಪ ಕೊಟ್ಟಂತಾಗುತ್ತಿತ್ತು. ಒಟ್ಟಿಗೆ ಆಗದ್ದು ಒಂದರ ಬಳಿಕ ಒಂದಾಗಿ ಆಗಬಹುದು.

ಮೊದಲನೆಯದಾಗಿ, ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮದೊಳಗೇ ಸಾಕಷ್ಟು ವಿಜ್ಞಾನವಿದೆ. ಮೊದಲ ಷಣ್ಮಾಸದಲ್ಲಿ ಅಂಗರಚನೆ ಮತ್ತು ಶರೀರಕ್ರಿಯಾಶಾಸ್ತ್ರ, ಎರಡನೆಯದರಲ್ಲಿ ಜೀವರಸಾಯನ ಮತ್ತು ಪೋಷಣೆ, ಮೂರನೆಯದರಲ್ಲಿ ಸೂಕ್ಷ್ಮಜೀವಿಶಾಸ್ತ್ರ ಮತ್ತು ಸೋಂಕು ನಿಯಂತ್ರಣ, ಮುಂದೆ ತಳಿಶಾಸ್ತ್ರ, ಸಂಶೋಧನೆ, ಸಂಖ್ಯಾಶಾಸ್ತ್ರ ಬರುತ್ತವೆ. ಅನೇಕ ಮಕ್ಕಳು ಇವನ್ನು ಪರೀಕ್ಷೆ ದಾಟುವ ಕಡ್ಡಿಸೇತುವೆಯೆಂದು ತಿಳಿದು ಉರುಹೊಡೆದು ಮರೆತುಬಿಡುತ್ತಾರೆ. ಮನಸ್ಸಿಟ್ಟು ಓದಿದವರಿಗೆ ಎರಡನೆಯ ವಿಜ್ಞಾನದ ಬುನಾದಿ ಅಲ್ಲೇ ಬೀಳುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ಅದು ನನಗೆ ಆ ಕನ್ಯಾಸ್ತ್ರೀ ವಿವರಿಸಿದ್ದು. ಮಾಯದ ಹುಣ್ಣಿನಿಂದ ಪರೀಕ್ಷೆಗೆ ಮಾದರಿ ತೆಗೆಯುವ ಕೆಲಸ ಎಷ್ಟೋ ಸಲ ಶುಶ್ರೂಷಕಿಯದೇ. ಮೇಲಿನ ಕೀವನ್ನು ತೊಳೆಯದೆ ಹತ್ತಿ ಕಡ್ಡಿಯಲ್ಲಿ ಒರೆಸಿ ಕಳುಹಿಸಿದರೆ ಹುಣ್ಣಿನ ಮೇಲೆ ಸುಮ್ಮನೆ ಕುಳಿತ ಜೀವಾಣುಗಳು ಪ್ರಯೋಗಾಲಯದಲ್ಲಿ ಬೆಳೆಯುತ್ತವೆ; ಒಳಗಿನ ನಿಜವಾದ ವೈರಿ ಮರೆಯಲ್ಲೇ ಉಳಿಯುತ್ತಾನೆ. ಪ್ರತಿಜೀವಕ ಔಷಧಿ ಕೊಟ್ಟ ಮೇಲೆ ಮಾದರಿ ತೆಗೆದರೆ ಏನೂ ಬೆಳೆಯದೆಯೂ ಹೋಗಬಹುದು. ತಪ್ಪು ವರದಿ ಬರುತ್ತದೆ, ತಪ್ಪು ಔಷಧಿ ಕೊಡಲಾಗುತ್ತದೆ, ಹುಣ್ಣು ಹಾಗೆಯೇ ಉಳಿಯುತ್ತದೆ, ಔಷಧಿಗೆ ಬಗ್ಗದ ಜೀವಾಣುಗಳು ಬಲಿಯುತ್ತವೆ. ಸೂಕ್ಷ್ಮಜೀವಿಶಾಸ್ತ್ರ ಬಲ್ಲ ಶುಶ್ರೂಷಕಿ ಮೊದಲು ಗಾಯವನ್ನು ತೊಳೆಯುತ್ತಾಳೆ, ಔಷಧಿಗೆ ಮುಂಚೆ ಮಾದರಿ ತೆಗೆಯುತ್ತಾಳೆ. ಕೈ ಒಂದೇ, ಕಡ್ಡಿ ಒಂದೇ. ವ್ಯತ್ಯಾಸವಿರುವುದು ಅರಿವಿನಲ್ಲಿ. ಈ ಮಾತು ಕೇಳಿದಾಗ ನನಗೆ ಆ ಅಜ್ಜಿಯ ಕಾಲು ನೆನಪಾಯಿತು.

ಎರಡನೆಯದಾಗಿ, ಪದವಿಯ ಬಳಿಕ ದಾರಿಗಳು ಕವಲೊಡೆಯುತ್ತವೆ. ಎರಡು ವರ್ಷದ ಎಂ.ಎಸ್ಸಿ. ನರ್ಸಿಂಗ್ ಇದೆ. ತೀವ್ರನಿಗಾ, ಕ್ಯಾನ್ಸರ್, ನವಜಾತ ಶಿಶು ಮೊದಲಾದ ವಿಭಾಗಗಳಲ್ಲಿ ಒಂದು ವರ್ಷದ ವಿಶೇಷ ಡಿಪ್ಲೊಮಾಗಳಿವೆ. ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿಗೆ ಶುಶ್ರೂಷಾ ಪದವೀಧರರಿಗೆ ಅವಕಾಶ ಕೊಡುವ ವಿಶ್ವವಿದ್ಯಾಲಯಗಳಿವೆ. ದೊಡ್ಡ ಆಸ್ಪತ್ರೆಗಳಲ್ಲಿ ಸೋಂಕು ನಿಯಂತ್ರಣಕ್ಕೆಂದೇ ಶುಶ್ರೂಷಕಿಯರನ್ನು ನೇಮಿಸುತ್ತಾರೆ. 2020ರ ಕೊರೋನಾ ಕಾಲದಲ್ಲಿ ಅವರ ಬೆಲೆ ಏನೆಂಬುದು ಎಲ್ಲರಿಗೂ ಅರ್ಥವಾಯಿತು. ಡಿಪ್ಲೊಮಾ ಮಾಡಿದವರಿಗೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಇದೆ. ವಿಜ್ಞಾನವೇ ಪ್ರಾಣವೆನ್ನುವವರು ಮೊದಲು ಬಿ.ಎಸ್ಸಿ. ಓದಬಹುದು, ಆದರೆ ಆಮೇಲೆ ನರ್ಸಿಂಗ್‌ಗೆ ಬಂದರೆ ನಮ್ಮಲ್ಲಿ ಮತ್ತೆ ಪೂರ್ಣ ನಾಲ್ಕು ವರ್ಷ ಓದಲೇಬೇಕೆಂಬುದು ತಿಳಿದಿರಲಿ.

ತಂದೆತಾಯಿಯರಲ್ಲಿ ನನ್ನ ವಿನಂತಿ ಇಷ್ಟೇ. ಹಣ ಕಟ್ಟುವ ಮೊದಲು ಮೂರು ಪ್ರಶ್ನೆ ಕೇಳಿ. ಕಾಲೇಜಿಗೆ ಶುಶ್ರೂಷಾ ಪರಿಷತ್ತಿನ ಮಾನ್ಯತೆಯೂ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಂತಹ ವಿಶ್ವವಿದ್ಯಾಲಯದ ಸಂಯೋಜನೆಯೂ ಈ ವರ್ಷಕ್ಕೆ ಇದೆಯೇ? ಮಕ್ಕಳು ಯಾವ ಆಸ್ಪತ್ರೆಯಲ್ಲಿ, ಎಷ್ಟು ಹಾಸಿಗೆಗಳ ನಡುವೆ ಕಲಿಯುತ್ತಾರೆ? ಬಾಯಲ್ಲಿ ಹೇಳಿದ ಭರವಸೆಯನ್ನು ಕಾಗದದಲ್ಲಿ ಬರೆದು ಸಹಿ ಹಾಕುತ್ತಾರೆಯೇ? ಮೂರನೆಯ ಪ್ರಶ್ನೆಗೆ ತಡವರಿಸುವವರ ಕೈಗೆ ಮನೆಯ ಒಡವೆ ಒಪ್ಪಿಸಬೇಡಿ.

ಮತ್ತೆ ಅದೇ ಜಗಲಿಯಲ್ಲಿ

ಮುಂದಿನ ಭಾನುವಾರ ತಂದೆ ಮಗಳು ಬಂದರು. ತಿಳಿದುದನ್ನೆಲ್ಲ ಹೇಳಿದೆ. ಮೇಸ್ತ್ರಿ ಬಹಳ ಹೊತ್ತು ಮಾತಾಡಲಿಲ್ಲ. "ಗೋಡೆ ಏಳೋ ಮೊದಲೇ ತಾರಸಿ ಹಾಕ್ತೀವಿ ಅಂದೋರನ್ನ ನಾನು ನಂಬಬಾರದಾಗಿತ್ತು ಸ್ವಾಮಿ, ನನ್ನ ಕಸುಬೇ ಅದು" ಎಂದು ನಕ್ಕರು. ಅಷ್ಟು ಹೊತ್ತು ನಾನು ತತ್ವಶಾಸ್ತ್ರದ ಭಾಷೆಯಲ್ಲಿ ಹೇಳಲು ಹೆಣಗಿದ್ದನ್ನು ಅವರು ಒಂದೇ ಮಾತಿನಲ್ಲಿ ಹೇಳಿಬಿಟ್ಟರು. ಬುನಾದಿಯಾಗಿ ಒಂದು ವಿದ್ಯೆ, ಅದು ಗಟ್ಟಿಯಾದ ಮೇಲೆ ಇನ್ನೊಂದು ಅಂತಸ್ತು.

ಹುಡುಗಿಯ ಮುಖದಲ್ಲಿ ನಿರಾಸೆಯಿತ್ತು. ಅದನ್ನು ಮುಚ್ಚಿಟ್ಟು ಬರೆಯಲಾರೆ. "ಹಾಗಾದರೆ ಎಂಟೊಂಬತ್ತು ವರ್ಷ ಆಗುತ್ತಲ್ಲ ಫಾದರ್?" ಎಂದು ಕೇಳಿದಳು. ಆಗಬಹುದು ಎಂದೆ. ಸಾಂಡರ್ಸ್ ಅವರ ವಿಷಯ ಹೇಳಿದೆ. ಅವಳು ತಲೆಯಾಡಿಸಿದಳು, ಪೂರ್ತಿ ಒಪ್ಪಿದಳೆಂದು ಹೇಳಲಾರೆ. ಮಾನ್ಯತೆಯಿರುವ ಒಂದು ಕಾಲೇಜಿನಲ್ಲಿ ಸೀಟು ದೊರೆಯಿತು. ತಾಯಿಯ ಸರ ಅಡವಿಗೆ ಹೋಗಲಿಲ್ಲ. ಬ್ಯಾಂಕಿನ ಶಿಕ್ಷಣ ಸಾಲಕ್ಕೆ ನಮ್ಮ ಸಂತ ವಿನ್ಸೆಂಟ್ ದೇ ಪಾವ್ಲ್ ಸಭೆಯವರು ಓಡಾಡಿದರು, ಮೊದಲ ವರ್ಷದ ಪುಸ್ತಕಗಳ ವೆಚ್ಚವನ್ನೂ ಅವರೇ ಭರಿಸಿದರು.

ಕ್ರಿಸ್ಮಸ್ ರಜೆಗೆ ಬಂದವಳು ಗೋದಲಿಯ ಹತ್ತಿರ ನಿಂತು ಆಸ್ಪತ್ರೆಯ ಸುದ್ದಿ ಹೇಳಿದಳು. ಕೈ ತೊಳೆಯುವ ಕ್ರಮವೊಂದನ್ನೇ ಎಷ್ಟೋ ದಿನ ಕಲಿಸಿದರಂತೆ. ಜೊತೆಯವರಿಗೆ ಬೇಸರ ಬಂತು. ಇವಳಿಗೆ ಮಾತ್ರ, ಯಾಕೆ ಅಷ್ಟು ಹೊತ್ತು ತೊಳೆಯಬೇಕು, ಉಗುರಿನ ಸಂದಿಯಲ್ಲಿ ಏನಿರುತ್ತದೆ ಎಂಬ ಕುತೂಹಲ. ಗ್ರಂಥಾಲಯದಿಂದ ಸೂಕ್ಷ್ಮಜೀವಿಶಾಸ್ತ್ರದ ಪುಸ್ತಕವನ್ನು ಈಗಲೇ ತಂದು ಓದುತ್ತಿದ್ದಾಳಂತೆ. "ಪಾಠ ಮೂರನೇ ಸೆಮಿಸ್ಟರಿಗೆ ಬರುತ್ತೆ ಫಾದರ್. ಅಲ್ಲೀವರೆಗೆ ಕಾಯೋಕಾಗಲಿಲ್ಲ" ಎಂದಳು. ಅಜ್ಜಿಯ ಕಾಲು ಹೇಗಿದೆ ಎಂದು ಕೇಳಿದೆ. ಹುಣ್ಣು ಇನ್ನೂ ಇದೆ, ಆದರೆ ಈಗ ಡ್ರೆಸ್ಸಿಂಗ್ ಮಾಡುವವರನ್ನು ಅಜ್ಜಿಯೇ ಮೊದಲು ಕೈ ತೊಳೆಯಿರೆಂದು ಗದರಿಸುತ್ತಾರಂತೆ.

ಬಂಧುಗಳೇ, ನಮ್ಮ ಮಕ್ಕಳನ್ನು ಸೇವೆಗೆ ಕಳುಹಿಸುವಾಗ ಅವರ ಕೈಗೆ ಜಪಸರ ಕೊಡುತ್ತೇವೆ. ಅದು ಇರಲೇಬೇಕು. ಅದರ ಜೊತೆಗೆ ಒಳ್ಳೆಯ ಪುಸ್ತಕವನ್ನೂ ಕೊಡೋಣ. ವೈದ್ಯನನ್ನು ಸೃಷ್ಟಿಸಿದವನೂ, ಭೂಮಿಯಿಂದ ಔಷಧಿಗಳನ್ನು ಬೆಳೆಯಿಸಿದವನೂ ಆ ಸರ್ವೇಶ್ವರನೇ ಎಂದು ಸಿರಾಖನ ಗ್ರಂಥ ನಮಗೆ ಕಲಿಸುತ್ತದೆ. ಅವನು ಸೃಷ್ಟಿಯಲ್ಲಿ ಬರೆದಿಟ್ಟದ್ದನ್ನು ಓದಿ ಅರಿಯುವುದೂ ಅವನ ಆರಾಧನೆಯೇ. ರೋಗಿ ನೋವಿನಿಂದ "ಯಾಕೆ?" ಎಂದು ಕೇಳಿದಾಗ, ಅವನ ಕೈ ಹಿಡಿದುಕೊಂಡು, ತಿಳಿದದ್ದನ್ನು ತಿಳಿಯಾಗಿ ಹೇಳಬಲ್ಲ ಮಗಳೊಬ್ಬಳು ನಮ್ಮ ಪ್ರತಿಯೊಂದು ವಿಚಾರಣೆಯಿಂದಲೂ ಹೊರಡಲಿ.